ಹಳೆಯ 18 ವೋಲ್ಟ್ ಡ್ರಿಲ್‌ಗೆ ಲಿಥಿಯಂ ಸೆಲ್ ಹಾಕಿಸಬಹುದೇ?

ಪ್ರಶ್ನೆ (ಮೂಡಿಗೆರೆ)

ತೋಟದ ಲೈನ್ ಮನೆಗಳ ತಗಡು ಬಿಗಿಯಲು, ಬಾಗಿಲಿಗೆ ಚಿಲಕ ಕೂರಿಸಲು ಬಳಸುವ 18 ವೋಲ್ಟ್‌ನ ಹಳೆಯ ಕಾರ್ಡ್‌ಲೆಸ್ ಡ್ರಿಲ್ ಒಂದು ನಮ್ಮಲ್ಲಿದೆ. ಮೋಟರು, ಗೇರು, ಚಕ್ ಎಲ್ಲವೂ ಗಟ್ಟಿಮುಟ್ಟಾಗಿವೆ. ಆದರೆ ಅದರ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಗಳೆರಡೂ ರಾತ್ರಿಯಿಡೀ ಚಾರ್ಜಿಗಿಟ್ಟರೂ ನಾಲ್ಕು ಸ್ಕ್ರೂ ಹಾಕುವಷ್ಟರಲ್ಲಿ ಸೋತುಹೋಗುತ್ತವೆ. ಈ ಮಾದರಿಯ ಬ್ಯಾಟರಿ ಈಗ ಬರುತ್ತಿಲ್ಲವೆಂದು ಅಂಗಡಿಯವರು ಹೇಳುತ್ತಾರೆ. ಒಂದನ್ನು ಬಿಚ್ಚಿ ನೋಡಿದಾಗ ಹದಿನೈದು ಸೆಲ್‌ಗಳ ಪೈಕಿ ಎರಡರ ತುದಿಯಲ್ಲಿ ಬಿಳಿ ಪುಡಿ ಕಟ್ಟಿತ್ತು, ಮೀಟರಿನಲ್ಲಿ ಅವು ಸೊನ್ನೆ ತೋರಿಸಿದವು. ಆ ಎರಡನ್ನೇ ಬದಲಿಸಿದರೆ ಸಾಕೇ, ಅಥವಾ ಪೂರ್ತಿ ಲಿಥಿಯಂ ಹಾಕಿಸುವುದು ಮೇಲೇ? ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲದ ಕಾರಣ ವೈರಿನ ಡ್ರಿಲ್ ನಮಗೆ ಒದಗುವುದಿಲ್ಲ.

ಉತ್ತರ 1 (ಹಾಸನ)

ಎರಡನ್ನೇ ಬದಲಿಸುವುದು ದಂಡ. ಉಳಿದ ಹದಿಮೂರೂ ಅದೇ ವಯಸ್ಸಿನವು; ಹೊಸ ಸೆಲ್‌ನಲ್ಲಿ ಚಾರ್ಜ್ ಇನ್ನೂ ಉಳಿದಿರುವಾಗಲೇ ಹಳೆಯವು ಬರಿದಾಗಿ, ಸರಣಿಯಲ್ಲಿ ಹರಿಯುವ ಕರೆಂಟು ಅವನ್ನು ಉಲ್ಟಾ ದಿಕ್ಕಿಗೆ ತಳ್ಳಿ ಕೆಡಿಸುತ್ತದೆ. ಆ ಬಿಳಿ ಪುಡಿ ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ.

ವೋಲ್ಟೇಜಿನ ಲೆಕ್ಕ ಸರಿಹೊಂದುತ್ತದೆ. ನಿಕೆಲ್-ಕ್ಯಾಡ್ಮಿಯಂ ಸೆಲ್ 1.2 ವೋಲ್ಟ್, ಹದಿನೈದು ಸೇರಿದರೆ 18. ಲಿಥಿಯಂ ಅಯಾನ್ ಸೆಲ್ 3.6 ವೋಲ್ಟ್, ಐದೇ ಸಾಕು. ತೊಡಕಿರುವುದು ಚಾರ್ಜರಿನಲ್ಲಿ. ಲಿಥಿಯಂ ಸೆಲ್ ಒಂದೊಂದೂ 4.2 ವೋಲ್ಟ್ ಮುಟ್ಟಿದಾಗ, ಅಂದರೆ ಐದಕ್ಕೆ ಸೇರಿ 21ರಲ್ಲಿ, ವೋಲ್ಟೇಜು ನಿಲ್ಲಲೇಬೇಕು. ನಿಮ್ಮ ಹಳೆಯ ಚಾರ್ಜರಿಗೆ ಆ ಗಡಿ ಗೊತ್ತಿಲ್ಲ. ಅದರಲ್ಲಿ ಲಿಥಿಯಂ ಇಟ್ಟರೆ ಬೆಂಕಿಯನ್ನು ಮನೆಗೆ ಕರೆದಂತೆಯೇ. ಆದ್ದರಿಂದ 21 ವೋಲ್ಟ್‌ನ ಪ್ರತ್ಯೇಕ ಚಾರ್ಜರು ಮತ್ತು ಪ್ಯಾಕಿನೊಳಗೆ ಐದು ಸೆಲ್‌ಗಳ ಬಿಎಂಎಸ್ ಬೋರ್ಡು (ಸೆಲ್ ಮಿತಿಮೀರಿ ಚಾರ್ಜ್ ಆಗದಂತೆ, ಪೂರ್ತಿ ಬರಿದಾಗದಂತೆ ಕಾಯುವ ಸರ್ಕ್ಯೂಟು), ಎರಡೂ ಬೇಕು.

ಉತ್ತರ 2 (ಸಕಲೇಶಪುರ)

ನಾನು ಪೆಟ್ಟು ತಿಂದ ವಿಷಯವನ್ನೂ ಸೇರಿಸುತ್ತೇನೆ. ಹಳೆಯ ಲ್ಯಾಪ್‌ಟಾಪಿನಿಂದ ತೆಗೆದ 18650 ಎಂಬ ಅಳತೆಯ ಲಿಥಿಯಂ ಸೆಲ್‌ಗಳನ್ನು ಹಾಕಿಸಿದ್ದೆ. ಡ್ರಿಲ್ ಖಾಲಿ ತಿರುಗುವಾಗ ಚೆನ್ನಾಗಿತ್ತು. ಹಲಸಿನ ತೊಲೆಗೆ ಬಿಟ್ ಕಚ್ಚಿದೊಡನೆ ಉಸಿರು ನಿಂತಂತೆ ನಿಂತಿತು, ಪ್ಯಾಕು ಕೈ ಸುಡುವಷ್ಟು ಬಿಸಿಯಾಗಿತ್ತು. ಡ್ರಿಲ್ ಸಿಕ್ಕಿಹಾಕಿಕೊಂಡಾಗ 20 ಆಂಪಿಯರಿಗೂ ಹೆಚ್ಚು ಎಳೆಯಬಲ್ಲದು, ಲ್ಯಾಪ್‌ಟಾಪಿನ ಸೆಲ್ ಅದಕ್ಕೆ ಮಾಡಿದ್ದಲ್ಲ. ಸೆಲ್ ಕೊಳ್ಳುವಾಗ ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆಂಬ ಅಳತೆ) ಒಂದನ್ನೇ ನೋಡದೆ ಎಷ್ಟು ಆಂಪಿಯರ್ ಸತತವಾಗಿ ಕೊಡುತ್ತದೆಂದು ಕೇಳಿ. ಜೋಡಣೆ ಸ್ಪಾಟ್ ವೆಲ್ಡಿಂಗಿನಿಂದಲೇ ಆಗಲಿ, ಬೆಸುಗೆ ಕಡ್ಡಿಯ ಕಾವು ಸೆಲ್ ಕೆಡಿಸುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸೆಲ್, ಬೋರ್ಡು, ಚಾರ್ಜರು, ಕೂಲಿ ಸೇರಿಸಿದರೆ ಹೊಸ ಡ್ರಿಲ್‌ನ ಬೆಲೆಯ ಹತ್ತಿರ ಹೋಗುತ್ತದಲ್ಲವೇ?

ಉತ್ತರ 1 (ಹಾಸನ)

ಹೋಗಬಹುದು. ಹಾಗಾದಲ್ಲಿ ಹದಿನೈದೂ ಸೆಲ್‌ಗಳನ್ನು ಹೊಸ ನಿಕೆಲ್-ಕ್ಯಾಡ್ಮಿಯಂನಿಂದಲೇ ಬದಲಿಸಿಕೊಳ್ಳಿ, ನಿಮ್ಮ ಚಾರ್ಜರೂ ಉಳಿಯುತ್ತದೆ. ಒಂದು ಪ್ಯಾಕು ಮಾತ್ರ ಮಾಡಿಸಿ. ಹಳೆಯ ಸೆಲ್‌ಗಳನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಕ್ಯಾಡ್ಮಿಯಂ ವಿಷ, ನಿಮ್ಮ ಬಾವಿಯ ನೀರಿಗೇ ಇಳಿದೀತು.