ಮಲೆನಾಡಿನ ಮಳೆಗಾಲದಲ್ಲಿ ಇವಾಪರೇಟಿವ್ ಕಂಡೆನ್ಸರ್ ಕೆಲಸ ಮಾಡುತ್ತಾ?

ಶಿವಮೊಗ್ಗ ಆಪರೇಟರ್ ಕೇಳಿದ್ದು:

ಶಿವಮೊಗ್ಗದ ಹೊರಗೆ ಒಂದು ಕೋಲ್ಡ್ ಸ್ಟೋರೇಜಿನ ಅಮೋನಿಯಾ ಪ್ಲಾಂಟ್ ನೋಡಿಕೊಳ್ಳುತ್ತೇನೆ. ತಲಾ 50 ಟನ್ನಿನ (ಟನ್ ಅಂದರೆ ತಂಪು ಮಾಡುವ ಶಕ್ತಿಯ ಅಳತೆ) ಎರಡು ಪಿಸ್ಟನ್ ಕಂಪ್ರೆಸರ್ ಇವೆ. ಈಗ 100 ಟನ್ನಿನ ಸ್ಕ್ರೂ ಕಂಪ್ರೆಸರ್ ಬರುತ್ತಿದೆ. ಶೆಲ್ ಅಂಡ್ ಟ್ಯೂಬ್ ಕಂಡೆನ್ಸರ್, ಕೂಲಿಂಗ್ ಟವರ್ ಎರಡೂ ಹಳೆಯವು. ಏಪ್ರಿಲ್ ಮಧ್ಯಾಹ್ನ ಹೆಡ್ ಪ್ರೆಶರ್, ಅಂದರೆ ಕಂಡೆನ್ಸರ್ ಕಡೆಯ ಒತ್ತಡ, ಚದರ ಸೆಂ.ಮೀ.ಗೆ 15 ಕೆಜಿ ಮುಟ್ಟುತ್ತದೆ. ಮೂರೂ ಕಂಪ್ರೆಸರಿಗೆ ಸೇರಿಸಿ ಇವಾಪರೇಟಿವ್ ಕಂಡೆನ್ಸರ್ (ಕಾಯಿಲ್ ಮೇಲೆ ನೀರು ಸುರಿಸಿ, ಗಾಳಿ ಹಾಯಿಸಿ, ಒಳಗಿನ ಅಮೋನಿಯಾ ಗ್ಯಾಸನ್ನು ದ್ರವ ಮಾಡುವಂಥದ್ದು) ಹಾಕೋಣ ಎಂದೆ. ಮಾಲೀಕರು ಒಪ್ಪುತ್ತಿಲ್ಲ. "ಆಷಾಢದಲ್ಲಿ ಒಗೆದ ಪಂಚೆಯೇ ಒಣಗಲ್ಲ, ನಿನ್ನ ಕಾಯಿಲ್ ಮೇಲಿನ ನೀರು ಎಲ್ಲಿ ಆರುತ್ತೆ?" ಅಂತಾರೆ. ಏನು ಹೇಳಲಿ?

ತೀರ್ಥಹಳ್ಳಿ ಕಡೆಯವ:

ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಹರವಿದ ಪಂಚೆ ಆಷಾಢದಲ್ಲೂ ಒಣಗುತ್ತೆ, ಅಲ್ವಾ? ಇಲ್ಲೂ ಅದೇ. ಕಾಯಿಲ್ ಒಳಗೆ 35 ಡಿಗ್ರಿಯ ಅಮೋನಿಯಾ ಇರುತ್ತದೆ. ಹೊರಗಿನ 23 ಡಿಗ್ರಿಯ ತೇವದ ಗಾಳಿ ಆ ಬಿಸಿ ನೀರಿನ ನಡುವೆ ಹಾದಾಗ ತಾನೂ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ಇನ್ನಷ್ಟು ನೀರು ಹೊರಬಲ್ಲದು.

ನೋಡಬೇಕಾದ್ದು ವೆಟ್ ಬಲ್ಬ್, ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಡಿಗ್ರಿ; ಮಳೆಯನ್ನಲ್ಲ. ನಾನು ಥರ್ಮಾಮೀಟರಿನ ತುದಿಗೆ ದೀಪದ ಬತ್ತಿ ಸುತ್ತಿ, ಒದ್ದೆ ಮಾಡಿ, ದಾರ ಕಟ್ಟಿ ಬೀಸಿ ಅಳೆಯುತ್ತಿದ್ದೆ. ಜುಲೈಯಲ್ಲಿ ಒಣದು 24, ಒದ್ದೆಯದು 23. ಮೇ ತಿಂಗಳ ಮೂರು ಗಂಟೆಗೆ ಒಣದು 35, ಒದ್ದೆಯದು 26. ಅಂದರೆ ಕಷ್ಟ ಇರೋದು ಮೇ ತಿಂಗಳಲ್ಲಿ. ಮಳೆಗಾಲದಲ್ಲಿ ಕಂಡೆನ್ಸರಿಗೆ ಆರಾಮ. ಸೈಜ್ ಮಾಡಿಸುವಾಗ 26 ಕೊಡಿ. 35–36 ಡಿಗ್ರಿಗೆ ಕಂಡೆನ್ಸ್ ಆದರೆ ಹೆಡ್ 13 ಕೆಜಿ ಆಸುಪಾಸು ನಿಲ್ಲುತ್ತದೆ. ಈಗಿನ ನಿಮ್ಮ 15 ಕೆಜಿ ಅಂದರೆ 40 ಡಿಗ್ರಿ ದಾಟಿದ ಲೆಕ್ಕ. ಒಂದೊಂದು ಡಿಗ್ರಿ ಇಳಿದರೂ ಕರೆಂಟು ನೂರಕ್ಕೆ 2–3 ಉಳಿಯುತ್ತದೆ.

ಇನ್ನೊಂದು ಮಾತು. 200 ಟನ್ ಅಂತ ಹೇಳಿ ಕಂಡೆನ್ಸರ್ ತರಬೇಡಿ. 200 ಟನ್ ಅಂದರೆ 703 ಕಿಲೋವಾಟ್. ಕಂಪ್ರೆಸರುಗಳು ಎಳೆಯುವ ಶಕ್ತಿಯೂ ಬಿಸಿಯಾಗಿ ಅಲ್ಲಿಗೇ ಬರುತ್ತದೆ. ಅದು 175 ಕಿಲೋವಾಟ್ ಎಂದುಕೊಂಡರೆ ಒಟ್ಟು 880 ಹತ್ತಿರ. ಅಷ್ಟು ಬಿಸಿ ಹೊರಹಾಕಲು ಗಂಟೆಗೆ ಸುಮಾರು 1300 ಲೀಟರ್ ನೀರು ಆವಿಯಾಗುತ್ತದೆ. ಲವಣ ಸೇರದಂತೆ ಆಗಾಗ ಹೊರಬಿಡುವ ಬ್ಲೀಡ್ ನೀರು ಬೇರೆ. ಬೋರ್‌ವೆಲ್ ನೀರಾದರೆ ಗಡಸುತನ ಪರೀಕ್ಷೆ ಮಾಡಿಸದೆ ಮುಂದೆ ಹೋಗಬೇಡಿ. ಕಾಯಿಲ್ ಮೇಲೆ ಸುಣ್ಣ ಕಟ್ಟಿದರೆ ಕೆರೆದು ತೆಗೆಯೋದು ಮಹಾ ಕಷ್ಟ.

ಸಾಗರದಿಂದ:

ಹಳೆಯ ಕಂಡೆನ್ಸರನ್ನೂ ಜೊತೆಗೆ ಇಟ್ಟುಕೊಳ್ಳುತ್ತೀರಾ? ಹಾಗಿದ್ದರೆ ಡ್ರಾಪ್ ಲೆಗ್ ಬಗ್ಗೆ ಹುಷಾರು. ನಮ್ಮಲ್ಲಿ ಗುತ್ತಿಗೆದಾರ ಕಂಡೆನ್ಸರಿನಿಂದ ರಿಸೀವರಿಗೆ (ದ್ರವ ಅಮೋನಿಯಾ ತುಂಬುವ ಟ್ಯಾಂಕ್) ಇಳಿಯುವ ಈ ಪೈಪನ್ನು ಬರೀ ಎರಡು ಅಡಿ ಇಟ್ಟಿದ್ದ, ತಳದಲ್ಲಿ ಟ್ರ್ಯಾಪ್ (ದ್ರವ ನಿಂತು ಗ್ಯಾಸ್ ತಡೆಯುವ ಬಾಗು) ಇಲ್ಲ. ಇವಾಪರೇಟಿವ್ ಕಾಯಿಲ್‌ನಲ್ಲಿ ಪ್ರೆಶರ್ ಡ್ರಾಪ್ ಜಾಸ್ತಿ, ಶೆಲ್‌ನಲ್ಲಿ ಕಡಿಮೆ. ಹಾಗಾಗಿ ಲಿಕ್ವಿಡ್ ಇಳಿಯದೆ ಕಾಯಿಲ್‌ನಲ್ಲೇ ನಿಂತಿತು. ಹೊಸ ಕಂಡೆನ್ಸರ್ ಓಡುತ್ತಿದ್ದರೂ ಹೆಡ್ ಇಳಿಯಲೇ ಇಲ್ಲ. ಎರಡು ದಿನ ಗಾಳಿ ಸೇರಿಕೊಂಡಿದೆ ಅಂತ ಸುಮ್ನೆ ಪರ್ಜ್ ಮಾಡಿದೆವು. ಮೂರನೇ ದಿನ ನೀರಿನ ಪಂಪ್ ನಿಲ್ಲಿಸಿ ಬೆಂಡ್‌ಗಳನ್ನು ಕೈಯಲ್ಲಿ ಮುಟ್ಟುತ್ತಾ ಬಂದೆ. ಮೇಲಿನವು ಬಿಸಿ, ಕೆಳಗಿನ ಐದು ಸಾಲು ತಣ್ಣಗೆ. ಆಗ ಗೊತ್ತಾಯಿತು. ಐದು ಅಡಿ ಲೆಗ್, ಪ್ರತಿ ಔಟ್‌ಲೆಟ್‌ಗೂ ಟ್ರ್ಯಾಪ್, ರಿಸೀವರಿನಿಂದ ಒತ್ತಡ ಸಮ ಮಾಡುವ ಈಕ್ವಲೈಸರ್ ಲೈನ್ ಹಾಕಿಸಿದ ಮೇಲೆ ಸರಿಹೋಯಿತು.

ಪಕ್ಕದಲ್ಲಿ ಅಡಿಕೆ ಸುಲಿಯುವ ಜಾಗ ಇದ್ದರೆ ಸಿಪ್ಪೆಯ ನಾರು ಹಾರಿಬಂದು ಸಂಪ್ (ಕಂಡೆನ್ಸರಿನ ಕೆಳಗಿನ ನೀರಿನ ತೊಟ್ಟಿ) ಜಾಲರಿ ಕಟ್ಟುತ್ತದೆ. ಸುಗ್ಗಿಯಲ್ಲಿ ದಿನಾ ತೆಗೆಯಿರಿ.

ತೀರ್ಥಹಳ್ಳಿ ಕಡೆಯವ:

ಡಿಸೆಂಬರ್ ರಾತ್ರಿ ಹೆಡ್ ತೀರಾ ಇಳಿದರೆ ಸ್ಕ್ರೂವಿನ ಆಯಿಲ್‌ಗೆ ತೊಂದರೆ. ಫ್ಯಾನಿಗೆ ವೇಗ ಹೆಚ್ಚು ಕಡಿಮೆ ಮಾಡುವ ವಿಎಫ್‌ಡಿ ಹಾಕಿಸಿ. ಪಂಪನ್ನು ಮಾತ್ರ ಆನ್ ಆಫ್ ಮಾಡಬೇಡಿ. ಒದ್ದೆ, ಒಣ, ಒದ್ದೆ ಆದರೆ ಸುಣ್ಣ ಬೇಗ ಕೂರುತ್ತದೆ.

ಶಿವಮೊಗ್ಗ ಆಪರೇಟರ್:

ಇವತ್ತು ಜೋರು ಮಳೆ. ಮಾಲೀಕರ ಕೈಯಲ್ಲೇ ಬತ್ತಿ ಸುತ್ತಿದ ಥರ್ಮಾಮೀಟರ್ ಬೀಸಿಸಿದೆ. 22.5 ಬಂತು. ಎರಡು ಸಲ ನೋಡಿದರು. ಮೇ ತಿಂಗಳಲ್ಲಿ ಇನ್ನೊಮ್ಮೆ ಅಳೆದು ಆಮೇಲೆ ಆರ್ಡರ್ ಕೊಡೋಣ ಎಂದಿದ್ದಾರೆ. ರಿಸೀವರ್ ಮೇಲೆ ಚಾವಣಿಗೆ ಆರಡಿ ಜಾಗ ಇದೆ, ಐದು ಅಡಿ ಲೆಗ್ ಕೂರುತ್ತದೆ.