ಹಳೆಯ ಕಾಯಿಲ್ ಒಲೆಯ ಜಾಗಕ್ಕೆ ಯಾವ ಎಲೆಕ್ಟ್ರಿಕ್ ರೇಂಜ್ ಕೊಳ್ಳಬೇಕು?

ಕ್ಯಾರಿ_ಧಾರವಾಡ:

ಎಲ್ಲರಿಗೂ ನಮಸ್ಕಾರ. ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ 1992ರಲ್ಲಿ ಕಟ್ಟಿದ ಮನೆಯೊಂದನ್ನು ನಾವು ಈಚೆಗೆ ಕೊಂಡಿದ್ದೇವೆ. ಅಡುಗೆಮನೆಯಲ್ಲಿರುವುದು ಸುರುಳಿ ಕಾಯಿಲ್‌ಗಳಿರುವ, 30 ಇಂಚು ಅಗಲದ ಹಳೆಯ ರೇಂಜ್, ಅಂದರೆ ಒಲೆ ಮತ್ತು ಓವನ್ ಒಂದರಲ್ಲೇ ಕೂಡಿರುವ ಉಪಕರಣ. ಅದರ ನಾಲ್ಕು ಬರ್ನರ್‌ಗಳಲ್ಲಿ ಎರಡು ಕಾಯುವುದೇ ಇಲ್ಲ. ಓವನ್ನಿನ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ನಮ್ಮ ಬೀದಿಗೆ ಗ್ಯಾಸ್ ಪೈಪ್ ಬಂದಿಲ್ಲವಾದ್ದರಿಂದ ಹೊಸದೂ ವಿದ್ಯುತ್ತಿನದೇ ಆಗಬೇಕು. ಸುಮಾರು 1500 ಡಾಲರ್ ತೆಗೆದಿಟ್ಟಿದ್ದೇವೆ.

ಅಂಗಡಿಗೆ ಹೋದರೆ ಒಬ್ಬರು ಗ್ಲಾಸ್ ಟಾಪ್ (ಗಾಜಿನ ಕೆಳಗೆ ಸುರುಳಿ ಕೆಂಪಗೆ ಕಾಯುವ ಒಲೆ) ಸಾಕು ಎನ್ನುತ್ತಾರೆ, ಇನ್ನೊಬ್ಬರು ಇಂಡಕ್ಷನ್ ಬಿಟ್ಟು ಬೇರೇನನ್ನೂ ನೋಡಬೇಡಿ ಎನ್ನುತ್ತಾರೆ. ಇಬ್ಬರೂ ಜೋಳದ ರೊಟ್ಟಿಯನ್ನು ಕಂಡವರಲ್ಲ. ನಮ್ಮ ಮನೆಯಲ್ಲಿ ವಾರಕ್ಕೆರಡು ಬಾರಿಯಾದರೂ ದಪ್ಪ ಕಬ್ಬಿಣದ ಹಂಚಿನ ಮೇಲೆ ರೊಟ್ಟಿ ಆಗುತ್ತದೆ, ದಿನವೂ ಕುಕ್ಕರ್ ಕೂಗುತ್ತದೆ, ಒಗ್ಗರಣೆಯಂತೂ ಲೆಕ್ಕಕ್ಕಿಲ್ಲ. ವರ್ಷಕ್ಕೊಮ್ಮೆ ಅತ್ತೆಯವರು ಊರಿನಿಂದ ಬಂದು ಆರು ತಿಂಗಳು ಇರುತ್ತಾರೆ, ಆಗ ಒಲೆ ಅವರ ಕೈಯಲ್ಲಿರುತ್ತದೆ. ಇಂಥ ಅಡುಗೆಯನ್ನು ಇಲ್ಲಿ ಕೆಲವು ವರ್ಷ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಮೈಸೂರು_ರಾಲಿ:

ನಮಸ್ಕಾರ. ನಾನು ಎರಡು ವರ್ಷಗಳಿಂದ ಇಂಡಕ್ಷನ್ ರೇಂಜ್ ಬಳಸುತ್ತಿದ್ದೇನೆ. ಒಲೆಯನ್ನು ನೋಡಲು ಹೋಗುವುದಕ್ಕಿಂತ ಮೊದಲು ನೀವು ಮಾಡಬೇಕಾದ ಕೆಲಸವೆಂದರೆ, ಫ್ರಿಜ್ ಬಾಗಿಲಿಗೆ ಅಂಟಿಸುವ ಒಂದು ಆಯಸ್ಕಾಂತವನ್ನು ತೆಗೆದುಕೊಂಡು ಮನೆಯಲ್ಲಿರುವ ಪ್ರತಿಯೊಂದು ಪಾತ್ರೆಯ ತಳಕ್ಕೂ ಹಿಡಿದು ನೋಡುವುದು. ಗಟ್ಟಿಯಾಗಿ ಅಂಟಿಕೊಂಡರೆ ಆ ಪಾತ್ರೆ ಇಂಡಕ್ಷನ್ ಮೇಲೆ ಕಾಯುತ್ತದೆ, ಜಾರಿ ಬಿದ್ದರೆ ಇಲ್ಲ. ಈ ಒಲೆಯಲ್ಲಿ ಗಾಜಿನ ಕೆಳಗಿರುವ ತಾಮ್ರದ ಸುರುಳಿ ತಾನು ಕೆಂಪಗಾಗುವುದಿಲ್ಲ. ಅದು ಹುಟ್ಟಿಸುವ ಕಾಂತಕ್ಷೇತ್ರದಿಂದ ಪಾತ್ರೆಯ ತಳವೇ ಬಿಸಿಯಾಗುತ್ತದೆ. ಆದ್ದರಿಂದಲೇ ಸುಮಾರು ಶೇ. 85ರಷ್ಟು ವಿದ್ಯುತ್ತು ಪಾತ್ರೆಗೆ ಸೇರುತ್ತದೆ, ನೀರು ಗ್ಯಾಸಿಗಿಂತಲೂ ಬೇಗ ಕುದಿಯುತ್ತದೆ. ಆದ್ದರಿಂದಲೇ ಊರಿನಿಂದ ಹೊತ್ತು ತಂದ ಅಲ್ಯೂಮಿನಿಯಂ ಕುಕ್ಕರ್, ಹಿತ್ತಾಳೆ ಪಾತ್ರೆ, ಅಲ್ಯೂಮಿನಿಯಂ ತಳದ ನಾನ್‌ಸ್ಟಿಕ್ ಕಾವಲಿ ಇವೆಲ್ಲವೂ ಅಟ್ಟ ಸೇರುತ್ತವೆ. ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಒಂದನ್ನು ಕೊಳ್ಳುವ ಖರ್ಚನ್ನೂ ನಿಮ್ಮ 1500ರಲ್ಲಿ ಸೇರಿಸಿಕೊಳ್ಳಿ.

ನಿಮ್ಮ ಕಬ್ಬಿಣದ ಹಂಚಿಗೆ ಇಂಡಕ್ಷನ್ ಒಗ್ಗುತ್ತದೆ, ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಹಂಚಿನ ತಳ ಸಪಾಟಾಗಿರಬೇಕು. ಊರಿನ ಹಂಚುಗಳಲ್ಲಿ ಅನೇಕವು ನಡುವೆ ತುಸು ತಗ್ಗಾಗಿರುತ್ತವೆ. ಅಂಥವು ಗಾಜಿನ ಮೇಲೆ ಓಲಾಡುತ್ತವೆ, ಶಾಖವೂ ಕುಂದುತ್ತದೆ. ಎರಡನೆಯದಾಗಿ, ಎರಕದ ಕಬ್ಬಿಣದಲ್ಲಿ ಶಾಖ ನಿಧಾನವಾಗಿ ಹರಡುವುದರಿಂದ ಸುರುಳಿ ಇರುವಷ್ಟು ಜಾಗ ಸುಡುತ್ತಿದ್ದರೂ ಅಂಚು ತಣ್ಣಗೇ ಇರುತ್ತದೆ. ಮೊದಲ ತಿಂಗಳು ನನ್ನ ದೋಸೆಗಳೆಲ್ಲ ನಡುವೆ ಕಪ್ಪಾಗಿ, ಸುತ್ತ ಬಿಳಿಯಾಗಿ, ಸೂರ್ಯಗ್ರಹಣದ ಚಿತ್ರದಂತೆ ಎದ್ದವು. ಈಗ ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ, ಆಮೇಲಷ್ಟೇ ಹೆಚ್ಚಿಸುತ್ತೇನೆ. ಉರಿಯನ್ನು ತುಸು ಹೊತ್ತು ಅತಿ ಹೆಚ್ಚಿಸುವ ಬೂಸ್ಟ್ ಗುಂಡಿಯನ್ನು ನೀರು ಕುದಿಸುವುದಕ್ಕೆ ಬಿಟ್ಟು ಬೇರೆಯದಕ್ಕೆ ಮುಟ್ಟುವುದಿಲ್ಲ. ರೊಟ್ಟಿಯನ್ನು ಬೆಂಕಿಗೆ ಹಿಡಿದು ಉಬ್ಬಿಸುವುದು ಸಾಧ್ಯವಿಲ್ಲ. ಹಂಚಿನ ಮೇಲೆಯೇ ಬಟ್ಟೆಯಿಂದ ಒತ್ತಿ ಉಬ್ಬಿಸುವ ಕೈ ನಿಮ್ಮದಾಗಿದ್ದರೆ ಚಿಂತೆಯಿಲ್ಲ. ಬದನೆಕಾಯಿ ಸುಡಲು ಓವನ್ನಿನಲ್ಲಿ ಮೇಲಿನಿಂದ ಸುಡುವ ಬ್ರಾಯ್ಲರ್ ಇದೆ, ಆದರೆ ಕೆಂಡದ ವಾಸನೆಯನ್ನು ಅದರಿಂದ ನಿರೀಕ್ಷಿಸಬಾರದು.

ಯಾವ ಅಂಗಡಿಯವರೂ ನನಗೆ ಹೇಳದೆ ಹೋದ ಇನ್ನೊಂದು ಮಾತಿದೆ. ಒಗ್ಗರಣೆ ಸೌಟು ಕಬ್ಬಿಣದ್ದೇ ಆದರೂ ಅದರ ತಳ ತೀರ ಚಿಕ್ಕದಾದ್ದರಿಂದ, ಪಾತ್ರೆ ಇಟ್ಟಿಲ್ಲವೆಂದೇ ತಿಳಿದು ಒಲೆ ಆರಿಹೋಗುತ್ತದೆ. ಈಗ ನಾಲ್ಕೂವರೆ ಇಂಚು ತಳದ ಪುಟ್ಟ ಬಾಣಲೆಯಲ್ಲಿ ಒಗ್ಗರಣೆ ಹಾಕುತ್ತಿದ್ದೇನೆ.

ಗ್ಲಾಸ್_ಟಾಪ್_ಹಳಬ:

ನಾನು ಹನ್ನೊಂದು ವರ್ಷಗಳಿಂದ ಸಾಧಾರಣ ಗ್ಲಾಸ್ ಟಾಪ್ ಬಳಸುತ್ತಿರುವವನು, ಆದ್ದರಿಂದ ಆ ಪಕ್ಷದ ಮಾತನ್ನೂ ಹೇಳಬೇಕು. ಯಾವ ಲೋಹದ ಪಾತ್ರೆಯಾದರೂ ತಳ ಸಪಾಟಾಗಿದ್ದರೆ ಇದರ ಮೇಲೆ ನಡೆಯುತ್ತದೆ, ಬೆಲೆಯೂ ಇಂಡಕ್ಷನ್‌ಗಿಂತ ಕಡಿಮೆ. ಆದರೆ ಗಾಜು ಕಾಯಲು ಹೊತ್ತು ಬೇಕು, ಆರಲು ಇನ್ನೂ ಹೆಚ್ಚು ಹೊತ್ತು ಬೇಕು. ಮೂರನೆಯ ಕೂಗಿಗೆ ನಾಬ್ ತಿರುಗಿಸಿದರೆ ಸಾಲದು, ಕುಕ್ಕರನ್ನು ಎತ್ತಿ ತಣ್ಣಗಿರುವ ಬರ್ನರ್ ಮೇಲೆ ಇಡಬೇಕು. ಇಲ್ಲವಾದರೆ ನಾಲ್ಕನೆಯದೂ ಐದನೆಯದೂ ತಾವಾಗಿಯೇ ಆಗುತ್ತವೆ. ಗಾಜು ಅತಿಯಾಗಿ ಕಾಯದಂತೆ ತಡೆಯುವ ವ್ಯವಸ್ಥೆ ಒಳಗಿರುವುದರಿಂದ, ಪೂರ್ತಿ ಉರಿಯಲ್ಲಿಟ್ಟಾಗಲೂ ಕೆಂಪು ಬೆಳಕು ಹತ್ತಿ ಆರುತ್ತಿರುತ್ತದೆ. ಅದು ಕೆಟ್ಟಿದೆಯೆಂದು ಭಾವಿಸಿ ನಾನು ರಿಪೇರಿಯವರನ್ನು ಕರೆಸಿ, ಬಂದುಹೋದ ಶುಲ್ಕವನ್ನು ತೆತ್ತು ಬುದ್ಧಿ ಕಲಿತೆ. ಬರ್ನರ್‌ನ ವೃತ್ತಕ್ಕಿಂತ ಒಂದು ಇಂಚಿಗೂ ಹೆಚ್ಚು ಹೊರಚಾಚುವ ಹಂಚನ್ನು ಇಟ್ಟರೆ ಶಾಖ ಕೆಳಗೆ ಸಿಕ್ಕಿಕೊಂಡು ಈ ಆರುವಿಕೆ ಹೆಚ್ಚುತ್ತದೆ. ನೀವು ಗ್ಲಾಸ್ ಟಾಪ್ ಕೊಳ್ಳುವುದಾದರೆ 12 ಇಂಚಿನವರೆಗೂ ಹಿಗ್ಗುವ ಬರ್ನರ್ ಇರುವುದನ್ನೇ ಆರಿಸಿ.

ಬೆಲ್ಲದ ಪಾಕದ ವಿಷಯದಲ್ಲಿ ಎಚ್ಚರವಿರಲಿ. ಒಂದು ಯುಗಾದಿಯ ದಿನ ಹೋಳಿಗೆಯ ಹೂರಣ ಉಕ್ಕಿ ಕಾದ ಗಾಜಿನ ಮೇಲೆ ಸುರಿಯಿತು. ಊಟ ಮುಗಿಸಿ ಒರೆಸೋಣವೆಂದು ಬಿಟ್ಟೆವು. ಸಕ್ಕರೆಯಾಗಲಿ ಬೆಲ್ಲವಾಗಲಿ ಬಿಸಿ ಗಾಜಿಗೆ ಹತ್ತಿ ಆರಿದರೆ ಎಬ್ಬಿಸುವಾಗ ಗಾಜಿನ ಚಕ್ಕೆಯನ್ನೇ ಎಬ್ಬಿಸುತ್ತದೆ ಎಂಬುದು ಅಂದು ತಿಳಿಯಿತು. ಆ ಗುಳಿ ಇಂದಿಗೂ ಹಾಗೆಯೇ ಇದೆ. ಬಿಸಿ ಇರುವಾಗಲೇ, ಕೈಗೆ ದಪ್ಪ ಗವಸು ಹಾಕಿಕೊಂಡು, ಬ್ಲೇಡ್ ಸ್ಕ್ರೇಪರ್‌ನಿಂದ ಕೆರೆದು ತೆಗೆಯಬೇಕು. ಮುದ್ದೆ ಮಾಡುವವರಿಗೂ ಒಂದು ಮಾತು: ಕೋಲಿನಿಂದ ತಿರುವುವಾಗ ಪಾತ್ರೆಯನ್ನು ಗಾಜಿನ ಮೇಲಿಟ್ಟು ಒತ್ತಬೇಡಿ, ಕೆಳಗಿಳಿಸಿಕೊಳ್ಳಿ.

ವೈರಿಂಗ್_ವಿಚಾರ:

ನಾನು ವೃತ್ತಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರ್. ಅಡುಗೆಯ ಮಾತನ್ನು ತಿಳಿದವರಿಗೆ ಬಿಟ್ಟು ಗೋಡೆಯ ಹಿಂದಿನದನ್ನಷ್ಟೇ ಹೇಳುತ್ತೇನೆ. ನಿಮ್ಮ ಮನೆ 1992ರದು ಎಂದಿರಿ. ರೇಂಜ್‌ಗೆ ನಾಲ್ಕು ತಂತಿಗಳ ಸಂಪರ್ಕವೇ ಬೇಕೆಂದು ಇಲ್ಲಿನ ವಿದ್ಯುತ್ ಸುರಕ್ಷತಾ ನಿಯಮಾವಳಿಯಾದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಹೇಳಿದ್ದು 1996ರ ಆವೃತ್ತಿಯಲ್ಲಿ, ಆದ್ದರಿಂದ ನಿಮ್ಮಲ್ಲಿ ಮೂರು ಸೀಳುಗಳ ಹಳೆಯ ಸಾಕೆಟ್ ಇರುವ ಸಾಧ್ಯತೆ ಹೆಚ್ಚು. ಒಲೆಯನ್ನು ಎಳೆದು ನೋಡಿ. ಹೊಸ ರೇಂಜ್ ಜೊತೆಗೆ ಸಾಮಾನ್ಯವಾಗಿ ವೈರ್ ಬರುವುದಿಲ್ಲ, ಸಾಕೆಟ್‌ಗೆ ಹೊಂದುವುದನ್ನು ಬೇರೆಯಾಗಿ ಕೊಳ್ಳಬೇಕು. ಹಳೆಯ ಸಾಕೆಟ್ಟನ್ನು ಹಾಗೆಯೇ ಬಳಸಲು ಅವಕಾಶವಿದ್ದರೂ, ಹೇಗೂ ಒಲೆ ಹೊರಗೆ ಬಂದಿರುವಾಗ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸುವುದು ಉಚಿತ. ನಾಲ್ಕು ತಂತಿಯ ಸಂಪರ್ಕ ಕೊಡುವುದಾದರೆ, ರೇಂಜ್‌ನ ಹಿಂದೆ ನ್ಯೂಟ್ರಲ್ ತಂತಿಯನ್ನು ಲೋಹದ ಮೈಗೆ ಸೇರಿಸಿರುವ ಪಟ್ಟಿಯನ್ನು ತೆಗೆಯಲೇಬೇಕು; ಅವಸರದಲ್ಲಿ ಜೋಡಿಸಿ ಹೋಗುವವರು ಮರೆಯುವುದು ಇದನ್ನೇ.

ಬ್ರೇಕರ್ 40 ಆಂಪ್ ಇದೆಯೇ 50 ಇದೆಯೇ ಎಂಬುದನ್ನು ನೋಡಿ, ಕೊಳ್ಳುವ ಮಾದರಿಯ ಕೈಪಿಡಿಯೊಂದಿಗೆ ಹೋಲಿಸಿ. 240 ವೋಲ್ಟ್‌ನಲ್ಲಿ 40 ಆಂಪ್ ಎಂದರೆ 9.6 ಕಿಲೋವ್ಯಾಟ್. ಬರ್ನರ್‌ಗಳನ್ನೂ ಓವನ್ನನ್ನೂ ಕೂಡಿಸಿದರೆ ಲೆಕ್ಕ ಇದನ್ನು ಮೀರಬಹುದು, ಆದರೆ ಎಲ್ಲವೂ ಒಟ್ಟಿಗೆ ಪೂರ್ತಿ ಉರಿಯುವುದಿಲ್ಲವೆಂದು ಕೋಡ್ 12 ಕಿಲೋವ್ಯಾಟ್‌ವರೆಗಿನ ಒಂದು ರೇಂಜ್‌ಗೆ 8 ಕಿಲೋವ್ಯಾಟ್ ಬೇಡಿಕೆಯನ್ನಷ್ಟೇ ಹಿಡಿಯುತ್ತದೆ.

2022ರ ಇನ್‌ಫ್ಲೇಷನ್ ರಿಡಕ್ಷನ್ ಆ್ಯಕ್ಟ್ ಎಂಬ ಅಮೆರಿಕದ ಕಾಯ್ದೆಯ ಅಡಿಯಲ್ಲಿ ವಿದ್ಯುತ್ ಒಲೆಗೆ 840 ಡಾಲರ್‌ವರೆಗೆ ರಿಯಾಯಿತಿ ಎಂದು ಯಾರಾದರೂ ಹೇಳಿಯಾರು. ಅದಕ್ಕೆ ಆದಾಯದ ಮಿತಿಯಿದೆ. ಮೇಲಾಗಿ ಅದು ಗ್ಯಾಸ್‌ನಂಥ ಇಂಧನದ ಒಲೆಯಿಂದ ವಿದ್ಯುತ್ತಿಗೆ ಬದಲಾಗುವವರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಹಳೆಯ ವಿದ್ಯುತ್ ಒಲೆಯ ಜಾಗಕ್ಕೆ ಹೊಸ ವಿದ್ಯುತ್ ಒಲೆ ತರುವ ನೀವು ಆ ಹಣವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕೊನೆಯದಾಗಿ, ಅತ್ತೆಯವರು ಬಳಸುತ್ತಾರೆ ಎಂದಿರಿ. ಬೆರಳು ತಾಗಿಸುವ ಟಚ್ ಫಲಕವಿರುವ ಮಾದರಿ ಬೇಡ, ತಿರುಗಿಸುವ ನಾಬ್ ಇರುವುದನ್ನು ತೆಗೆದುಕೊಳ್ಳಿ. ಹಿಟ್ಟು ಹತ್ತಿದ ಒದ್ದೆ ಬೆರಳಿಗೆ ಟಚ್ ಫಲಕ ಸರಿಯಾಗಿ ಓಗೊಡುವುದಿಲ್ಲ. ಅವರಿಗೆ ಪೇಸ್‌ಮೇಕರ್ ಇದ್ದರೆ ಇಂಡಕ್ಷನ್ ಕೊಳ್ಳುವ ಮೊದಲು ವೈದ್ಯರನ್ನು ಕೇಳುವುದು ಅಗತ್ಯ.

ಕ್ಯಾರಿ_ಧಾರವಾಡ:

ಮೂವರಿಗೂ ಅನಂತ ಧನ್ಯವಾದಗಳು. ನಿನ್ನೆ ಸಂಜೆ ಆಯಸ್ಕಾಂತ ಹಿಡಿದು ಕುಳಿತೆವು. ಹತ್ತೊಂಬತ್ತು ಪಾತ್ರೆಗಳಲ್ಲಿ ಎಂಟು ಅಂಟಿದವು. ಎರಡು ಕುಕ್ಕರ್‌ಗಳೂ ಅಂಟಲಿಲ್ಲ, ಹಂಚು ಮಾತ್ರ ಬಿಡಿಸಿಕೊಳ್ಳಲು ಎರಡು ಕೈ ಬೇಕಾಗುವಷ್ಟು ಗಟ್ಟಿಯಾಗಿ ಹಿಡಿಯಿತು. ಅದರ ತಳಕ್ಕೆ ಸ್ಕೇಲ್ ಇಟ್ಟು ನೋಡಿದಾಗ ನಡುವಿನ ತಗ್ಗು ಕಾಗದ ತೂರುವಷ್ಟು ಮಾತ್ರ ಕಂಡಿತು. ಅತ್ತೆಯವರಿಗೆ ಫೋನ್ ಮಾಡಿ ಕೇಳಿದೆವು, ಪೇಸ್‌ಮೇಕರ್ ಇಲ್ಲ. ರೊಟ್ಟಿಯನ್ನು ಅವರು ಮೊದಲಿನಿಂದಲೂ ಬಟ್ಟೆಯಿಂದ ಒತ್ತಿಯೇ ಉಬ್ಬಿಸುವವರು. ಹಾಗಾಗಿ ನಾಬ್ ಇರುವ ಇಂಡಕ್ಷನ್ ರೇಂಜ್ ಮತ್ತು ಒಂದು ಸ್ಟೀಲ್ ಕುಕ್ಕರ್ ಎಂದು ನಿರ್ಧರಿಸಿದ್ದೇವೆ. ಸಾಕೆಟ್ ಮೂರು ಸೀಳಿನದೇ ಆಗಿದೆ, ಶನಿವಾರ ಎಲೆಕ್ಟ್ರಿಷಿಯನ್ ಬರುತ್ತಾರೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಗೃಹಪ್ರವೇಶವನ್ನು ಹೊಸ ಒಲೆ ಬಂದ ಮೇಲೆಯೇ ಮಾಡುವುದೆಂದು ಮುಂದೂಡಿದ್ದೆವು. ಅಂದು ಹಾಲು ಉಕ್ಕಿಸಬೇಕು, ಅದು ಗಾಜಿನ ಮೇಲೆ ಚೆಲ್ಲಲೂ ಬೇಕು. ಇಂಡಕ್ಷನ್ ಒಲೆ ಇದನ್ನು ಸಹಿಸೀತೇ?

ಮೈಸೂರು_ರಾಲಿ:

ಸಹಿಸುತ್ತದೆ. ಗಾಜು ಪಾತ್ರೆಯಿಂದ ಬಂದ ಶಾಖದಿಂದಷ್ಟೇ ಬಿಸಿಯಾಗಿರುವುದರಿಂದ ಹಾಲು ಹೆಚ್ಚು ಸೀಯುವುದಿಲ್ಲ, ಆರಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಆದರೆ ಚೆಲ್ಲಿದ್ದು ನಿಯಂತ್ರಣ ಫಲಕಕ್ಕೆ ಹರಿದರೆ ಕೆಲವು ಮಾದರಿಗಳು ತಾವಾಗಿಯೇ ಆರಿಬಿಡುತ್ತವೆ, ಆದ್ದರಿಂದ ಪಾತ್ರೆಯನ್ನು ಹಿಂದಿನ ಬರ್ನರ್ ಮೇಲಿಡಿ. ಪಾತ್ರೆ ಹೇಗೂ ಬೆಳ್ಳಿಯದೋ ಹಿತ್ತಾಳೆಯದೋ ಆಗುವಂತಿಲ್ಲ, ಆಯಸ್ಕಾಂತ ಅಂಟಿದ ಆ ಎಂಟರಲ್ಲಿ ಒಂದನ್ನು ಈಗಲೇ ತೆಗೆದಿಡಿ.