ಪೋಲೆಂಡಿನ ವುಚ್ ನಗರದ ಜನಸಂಖ್ಯೆ ಇಷ್ಟು ಇಳಿದಿದ್ದು ಯಾಕೆ?

ಪ್ರಶ್ನೆ: ವಿದ್ಯಾನಗರದ ಅಣ್ಣ, ಹುಬ್ಬಳ್ಳಿ

ತಂಗಿಗೆ ಪೋಲೆಂಡಿನ ವುಚ್ ನಗರದಲ್ಲಿ ಟೆಕ್ಸ್‌ಟೈಲ್ ಓದೋಕೆ ಸೀಟು ಸಿಕ್ಕಿದೆ. ಊರು ಎಷ್ಟು ದೊಡ್ಡದು ಅಂತ ಅಪ್ಪ ಕೇಳಿದರು. ಹುಡುಕಿದರೆ, 1988ರಲ್ಲಿ ಸುಮಾರು 8.5 ಲಕ್ಷ ಜನ ಇದ್ದರಂತೆ, ಈಗ 6.5 ಲಕ್ಷದ ಆಸುಪಾಸು. ನಮ್ಮ ಹುಬ್ಬಳ್ಳಿ-ಧಾರವಾಡ 2011ರ ಜನಗಣತಿಯಲ್ಲೇ 9.4 ಲಕ್ಷ ದಾಟಿತ್ತು. ಯುದ್ಧ ಇಲ್ಲ, ಬರ ಇಲ್ಲ. ಎರಡು ಲಕ್ಷ ಜನ ಎಲ್ಲಿ ಹೋದರು? ಅಪ್ಪನಿಗೆ ಈಗ ಅದೇ ಚಿಂತೆ. ಅಲ್ಲಿ ಇದ್ದು ಬಂದವರು ಹೇಳಿ.

ಉತ್ತರ: ಬೆಟಗೇರಿ ಮಗ್ಗ

ನಾನು ಅಲ್ಲೇ ಓದಿದವಳು. ಬೆಟಗೇರಿಯ ನೇಕಾರರ ಮನೆ ನಮ್ಮದು, ಅಜ್ಜ ಪಟ್ಟೇದ ಅಂಚಿನ ಸೀರೆ ನೇಯುತ್ತಿದ್ದರು. ಹಾಗಾಗಿ ಈ ಊರಿನ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ.

ವುಚ್‌ಗೆ ಪಟ್ಟಣದ ಹಕ್ಕು ಸಿಕ್ಕಿದ್ದು 1423ರಲ್ಲಿ. ಆಮೇಲೆ ನಾಲ್ಕು ನೂರು ವರ್ಷ ಏನೂ ಆಗಲಿಲ್ಲ. 1820ರಲ್ಲಿ ಕೂಡ ಅಲ್ಲಿದ್ದವರು ಸಾವಿರಕ್ಕಿಂತ ಕಡಿಮೆ. ಆ ವರ್ಷ ಸರ್ಕಾರ ಇದನ್ನು ಬಟ್ಟೆ ಕೈಗಾರಿಕೆಯ ಊರು ಅಂತ ಘೋಷಿಸಿತು. ಆಗ ಪೋಲೆಂಡಿನ ಈ ಭಾಗ ರಷ್ಯಾದ ಚಕ್ರವರ್ತಿಯ ಕೈಯಲ್ಲಿತ್ತು. ಜಾಗ ಕೊಡ್ತೀವಿ, ಮರ ಕೊಡ್ತೀವಿ, ತೆರಿಗೆ ಬಿಡ್ತೀವಿ, ಬನ್ನಿ ಅಂತ ನೇಕಾರರನ್ನು ಕರೆದರು. ಸ್ಯಾಕ್ಸನಿ, ಸೈಲೀಷಿಯಾ, ಬೊಹೀಮಿಯಾ ಕಡೆಯಿಂದ ಜನ ಬಂದರು. 1839ರಲ್ಲಿ ಲುಡ್ವಿಕ್ ಗೇಯರ್ ತನ್ನ ಗಿರಣಿಯಲ್ಲಿ ಉಗಿಯಂತ್ರ ಕೂಡಿಸಿದ. 1850ರ ಹೊತ್ತಿಗೆ ರಷ್ಯಾದ ಜೊತೆಗಿದ್ದ ಸುಂಕದ ಗಡಿ ಹೋಯಿತು, ಅಷ್ಟು ದೊಡ್ಡ ಮಾರುಕಟ್ಟೆ ಪೂರ್ತಿ ತೆರೆಯಿತು. 1897ರಲ್ಲಿ 3 ಲಕ್ಷ ದಾಟಿತು, ಮೊದಲ ಮಹಾಯುದ್ಧದ ಹೊತ್ತಿಗೆ 5 ಲಕ್ಷದ ಹತ್ತಿರ. ಪೋಲಿಷರು, ಜರ್ಮನ್ನರು, ಯಹೂದಿಗಳು, ರಷ್ಯನ್ನರು ಎಲ್ಲ ಒಂದೇ ಊರಲ್ಲಿ. ಪಕ್ಕದ ಪಬ್ಯಾನಿತ್ಸೆ, ಜ್ಗೆಷ್ ಕೂಡ ಬಟ್ಟೆಯ ಊರುಗಳೇ.

ನನ್ನ ಮನಸ್ಸಿನಿಂದ ಹೋಗದ ವಿಷಯ ಒಂದಿದೆ. 1861ರಲ್ಲಿ ಕೈಮಗ್ಗದವರು ಕಾರೋಲ್ ಶೈಬ್ಲರನ ಗಿರಣಿಗೆ ನುಗ್ಗಿ ಯಂತ್ರ ಒಡೆದರು. ಅದೇ ವರ್ಷ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ಬರೋದು ನಿಂತಿತು. ವುಚ್‌ನ ನೇಕಾರರ ಕೈ ಖಾಲಿ. ಇತ್ತ ನಮ್ಮ ಧಾರವಾಡದ ಹತ್ತಿಗೆ ಬೆಲೆ ಗಗನಕ್ಕೇರಿತ್ತು, ಕುಮಟಾ ಬಂದರಿಗೆ ಬಂಡಿಗಳ ಸಾಲು. ಒಂದೇ ಯುದ್ಧದಿಂದ ಅಲ್ಲಿ ಉಪವಾಸ, ಇಲ್ಲಿ ಸುಗ್ಗಿ. ಕಾಲೇಜಿನಲ್ಲಿ ಇದನ್ನು ನಮಗೆ ಯಾರೂ ಜೋಡಿಸಿ ಹೇಳಲಿಲ್ಲ.

ಈಗ ನಿಮ್ಮ ಎರಡು ಲಕ್ಷದ ಲೆಕ್ಕ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಹೋಯಿತು. ಬಟ್ಟೆ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹುಡುಗರು ವಾರ್ಸಾಗೆ, 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಬ್ರಿಟನ್ನಿಗೆ ಹೋದರು. ದುಡ್ಡಿದ್ದವರು ಊರ ಹೊರಗೆ ಮನೆ ಕಟ್ಟಿದರು. ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. ಎರಡನೇ ದೊಡ್ಡ ನಗರ ಆಗಿದ್ದದ್ದು ಈಗ ವಾರ್ಸಾ, ಕ್ರಾಕೋವ್, ವ್ರೊಟ್ಸ್ವಾಫ್ ಆದ ಮೇಲೆ ನಾಲ್ಕನೆಯದು.

ಹಾಗಂತ ಪಾಳುಬಿದ್ದ ಊರಲ್ಲ. ಇಜ್ರಾಯೆಲ್ ಪೊಜ್ನಾನ್‌ಸ್ಕಿಯ ಕೆಂಪು ಇಟ್ಟಿಗೆಯ ಗಿರಣಿ 2006ರಿಂದ ಮನುಫಕ್ತೂರಾ ಅನ್ನೋ ದೊಡ್ಡ ಮಾಲ್. ಗೇಯರನ ಬಿಳಿ ಗಿರಣಿ ಈಗ ಬಟ್ಟೆಯ ಮ್ಯೂಸಿಯಂ. ಅಲ್ಲಿ ಹಳೇ ಯಂತ್ರಮಗ್ಗ ಓಡಿಸಿ ತೋರಿಸಿದರು. ಲಾಳಿ ಆ ಕಡೆಯಿಂದ ಈ ಕಡೆ ಬಡಿದಾಗ ಕಾಲ ಕೆಳಗಿನ ನೆಲ ಅದುರುತ್ತದೆ, ಪಕ್ಕದವರ ಮಾತು ಕೇಳಿಸೋದಿಲ್ಲ. ಇಂಥ ನೂರಾರು ಮಗ್ಗ ಒಂದೇ ಕೋಣೆಯಲ್ಲಿದ್ದರೆ ಹೇಗಿರಬೇಡ?

ಉತ್ತರ: ನಿವೃತ್ತ ಮೇಷ್ಟ್ರು, ಧಾರವಾಡ

ಚೆನ್ನಾಗಿ ಬರೆದಿದ್ದೀರಿ ತಂಗಿ. ಆದರೆ ಈ ಊರಿನ ಜನಸಂಖ್ಯೆ ಅಂದಾಗ 1939ರಿಂದ 1945ರವರೆಗಿನದನ್ನು ಹೇಳಲೇಬೇಕು. ಯುದ್ಧಕ್ಕೆ ಮುಂಚೆ 6.7 ಲಕ್ಷ ಜನ ಇದ್ದರು, ಅವರಲ್ಲಿ ಮೂರರಲ್ಲಿ ಒಂದು ಪಾಲು ಯಹೂದಿಗಳು. ಯುದ್ಧ ಮುಗಿದಾಗ ಊರಲ್ಲಿ ಉಳಿದಿದ್ದವರು ಸುಮಾರು 3 ಲಕ್ಷ.

ಉತ್ತರ: ಬೆಟಗೇರಿ ಮಗ್ಗ

ಹೌದು ಸರ್, ಅದನ್ನು ಬೇರೆಯಾಗಿಯೇ ಬರೆಯಬೇಕು ಅಂತಿತ್ತು.

ನಾಜಿಗಳು 1940ರಲ್ಲಿ ಊರಿನ ಹೆಸರನ್ನೇ ಲಿಟ್ಸ್‌ಮನ್‌ಸ್ಟಾಟ್ ಅಂತ ಬದಲಿಸಿದರು. ಉತ್ತರದ ಬಡ ಕೇರಿಗೆ ಬೇಲಿ ಹಾಕಿ ಸುಮಾರು 1.6 ಲಕ್ಷ ಯಹೂದಿಗಳನ್ನು ಒಳಗೆ ತಳ್ಳಿದರು. ಆಮೇಲೆ ಬರ್ಲಿನ್, ವಿಯೆನ್ನಾ, ಪ್ರಾಗ್‌ನಿಂದಲೂ ತಂದು ತುಂಬಿದರು. ಆಸ್ಟ್ರಿಯಾದಿಂದ 5,000 ರೋಮಾ (ಜಿಪ್ಸಿ) ಜನರನ್ನೂ ತಂದರು. ಬೇಲಿಯೊಳಗಿನ ಈ ಕೇರಿಯನ್ನು, ಅಂದರೆ ಘೆಟ್ಟೊವನ್ನೇ, ಕಾರ್ಖಾನೆ ಮಾಡಿ, ಅವರ ಕೈಯಿಂದಲೇ ಜರ್ಮನ್ ಸೈನ್ಯದ ಸಮವಸ್ತ್ರ ಹೊಲಿಸಿದರು. ಹಸಿವು, ರೋಗದಿಂದ ಒಳಗೇ ಸತ್ತವರು 40,000ಕ್ಕೂ ಹೆಚ್ಚು. ಉಳಿದವರನ್ನು ರಾಡೆಗಾಸ್ಟ್ ಸ್ಟೇಷನ್ನಿನಿಂದ ರೈಲಿನಲ್ಲಿ ನಾಜಿಗಳ ಸಾವಿನ ಶಿಬಿರಗಳಿಗೆ, ಮೊದಲು ಹೆವ್ಮ್ನೊಗೆ, ಕೊನೆಗೆ 1944ರ ಆಗಸ್ಟ್‌ನಲ್ಲಿ ಆಶ್ವಿಟ್ಜ್‌ಗೆ ಸಾಗಿಸಿದರು. 1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ಬಂದಾಗ ಘೆಟ್ಟೊದಲ್ಲಿ ಸಿಕ್ಕಿದ್ದು 900ಕ್ಕಿಂತ ಕಡಿಮೆ ಯಹೂದಿಗಳು.

ಆ ಸ್ಟೇಷನ್ ಈಗ ಸ್ಮಾರಕ. ಮರದ ಗೂಡ್ಸ್ ಡಬ್ಬಿಗಳು ಹಳಿ ಮೇಲೆ ನಿಂತಿವೆ. ಒಳಗೆ ಪಟ್ಟಿಗಳಿವೆ, ಟೈಪ್ ಮಾಡಿದ ಹೆಸರುಗಳು. ಸಾಗಿಸಿದವರು ಅಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಟ್ಟಿದ್ದರು. ನನಗೆ ಸಿಟ್ಟು ಬಂದಿದ್ದೇ ಅದಕ್ಕೆ.

ಯುದ್ಧ ಮುಗಿಯುವಾಗ ಜರ್ಮನ್ನರು ಓಡಿದರು, ಉಳಿದವರನ್ನು ಕಳಿಸಿದರು. ಕಟ್ಟಡಗಳು ವಾರ್ಸಾದ ಹಾಗೆ ನೆಲಸಮ ಆಗಿರಲಿಲ್ಲ, ಹಾಗಾಗಿ ಬೇರೆ ಊರುಗಳ ಪೋಲಿಷರು ಬಂದು ಸೇರಿದರು. ನೀವು ನೋಡಿದ 8.5 ಲಕ್ಷ ಅಂದರೆ ಹೆಚ್ಚಿನಂಶ ಇವರೇ, ಇವರ ಮಕ್ಕಳೇ.

ಪ್ರಶ್ನೆ ಕೇಳಿದವರು

ಓದಿ ಸುಮ್ನೆ ಕೂತುಬಿಟ್ಟೆ. ಇನ್ನೊಂದು ಕೇಳ್ತೀನಿ. ಅಲ್ಲಿ 100 ಗಂಡಸರಿಗೆ ಸುಮಾರು 120 ಹೆಂಗಸರು ಅಂತ ಓದಿದೆ. ಯುದ್ಧದಿಂದಾನಾ?

ಉತ್ತರ: ಬೆಟಗೇರಿ ಮಗ್ಗ

ಈಗಿನದಕ್ಕೆ ಮುಖ್ಯ ಕಾರಣ ಅಲ್ಲಿ ವಯಸ್ಸಾದವರು ಜಾಸ್ತಿ, ಅದರಲ್ಲೂ ಹೆಂಗಸರು ಹೆಚ್ಚು ವರ್ಷ ಬದುಕುತ್ತಾರೆ. ಆದರೆ ಇದು ಮೊದಲಿಂದಲೂ ಹೆಂಗಸರ ಊರೇ. ಗಿರಣಿಯಲ್ಲಿ ದುಡಿಯುತ್ತಿದ್ದವರು ಅವರೇ ಅಲ್ವಾ?

1970ರ ಡಿಸೆಂಬರ್‌ನಲ್ಲಿ ಸರ್ಕಾರ ಮಾಂಸ, ಹಿಟ್ಟಿನ ಬೆಲೆ ಏರಿಸಿತು. ಕಡಲ ತೀರದ ಗ್ದಾನ್‌ಸ್ಕ್, ಗ್ದಿನ್ಯಾದಲ್ಲಿ ಹಡಗುಕಟ್ಟೆ ಕಾರ್ಮಿಕರು ಬೀದಿಗಿಳಿದರು, ಗುಂಡು ಹಾರಿತು, ಜನ ಸತ್ತರು. ನಾಯಕ ಬದಲಾದ, ಬೆಲೆ ಮಾತ್ರ ಇಳಿಯಲಿಲ್ಲ. ಫೆಬ್ರುವರಿಯಲ್ಲಿ ವುಚ್‌ನ ಗಿರಣಿ ಹೆಂಗಸರು ಮಗ್ಗ ನಿಲ್ಲಿಸಿದರು. ಪ್ರಧಾನಿ ಯಾರೊಶೆವಿಚ್ ತಾನೇ ಬಂದು ಮಾತಾಡಿದ. ಇವರು ಜಗ್ಗಲಿಲ್ಲ. ಮರುದಿನವೇ ಬೆಲೆ ಏರಿಕೆ ವಾಪಸ್ಸು.

ತಂಗಿಗೆ ಹೇಳಿ, ಪ್ಯೋತ್ರ್ಕೋವ್‌ಸ್ಕಾ ರಸ್ತೆ ನಾಲ್ಕು ಕಿಲೋಮೀಟರ್ ಉದ್ದ ಇದೆ, ಬಿಳಿ ಗಿರಣಿ ಇರೋದು ಅದರ ದಕ್ಷಿಣದ ಕಡೆ. ಶೈಬ್ಲರನ ಕಾರ್ಮಿಕರ ಮನೆಗಳ ಸಾಲು ನೋಡಬೇಕಾದರೆ ಕ್ಷೆಂಝಿ ಮ್ವಿನ್‌ಗೆ ಹೋಗಬೇಕು. ಮನೆ, ಶಾಲೆ, ಅಂಗಡಿ ಎಲ್ಲ ಮಾಲೀಕನೇ ಕಟ್ಟಿಸಿದ್ದು. ಹೊರಡೋ ಮುಂಚೆ ಸ್ವಲ್ಪ ಪೋಲಿಷ್ ಕಲಿಯಲಿ, ಅಂಗಡಿಯ ಅಜ್ಜಿಯರಿಗೆ ಇಂಗ್ಲಿಷ್ ಬರೋದಿಲ್ಲ.